ಫಾಂಟಿನ ಒಳಗನ್ನು ನೋಡುವ ಬಗೆ

ಕೇಳುಗರೇ, ನಮಸ್ಕಾರ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನಮಗೆ ಹಲವು ಫಾಂಟುಗಳ ಹೆಸರು ಬಾಯಿಪಾಠವಾಗಿರುತ್ತದೆ. ಆದರೆ ಆ ಹೆಸರಿನ ಫೈಲಿನೊಳಗೆ ಯಾವ ಅಕ್ಷರಗಳಿವೆ, ಯಾವುವು ಇಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ಪರೀಕ್ಷಿಸಿ ನೋಡುವುದಿಲ್ಲ. ಲಿನಕ್ಸ್ ಬಳಸುವವರು ಇದನ್ನು ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ನೋಡಬಹುದು. ಆ ಕಮಾಂಡಿನ ಹೆಸರು ಎಕ್ಸ್‌ಎಫ್‌ಡಿ.

ಹೆಸರಿನ ಮೊದಲಲ್ಲಿರುವ ಎಕ್ಸ್, ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ಸಿಸ್ಟಮ್‌ಗೆ ಸಂಬಂಧಿಸಿದ್ದು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾದ ಈ ವ್ಯವಸ್ಥೆ 1987ರಲ್ಲಿ ಹನ್ನೊಂದನೆಯ ಆವೃತ್ತಿಯನ್ನು ತಲುಪಿತು. ಇಂದಿಗೂ ಬಳಕೆಯಲ್ಲಿರುವುದು ಅದೇ. ಇದರಲ್ಲಿ ಪರದೆ, ಕೀಲಿಮಣೆ, ಮೌಸ್‌ಗಳನ್ನು ನೋಡಿಕೊಳ್ಳುವ ಸರ್ವರ್ ಬೇರೆ, ನಾವು ನಡೆಸುವ ಪ್ರೋಗ್ರಾಮ್‌ಗಳು ಬೇರೆ. ಮೂಲ ಏರ್ಪಾಟಿನಲ್ಲಿ ಫಾಂಟುಗಳೂ ಸರ್ವರ್‌ನ ವಶದಲ್ಲೇ ಇರುತ್ತಿದ್ದವು. ಪ್ರೋಗ್ರಾಮ್ ಫಾಂಟಿನ ಹೆಸರು ಹೇಳಿದರೆ ಸಾಕು, ಅಕ್ಷರವನ್ನು ಪರದೆಯ ಮೇಲೆ ಮೂಡಿಸುವ ಕೆಲಸ ಸರ್ವರ್‌ನದು. ಎಕ್ಸ್‌ಎಲ್‌ಎಸ್‌ಫಾಂಟ್ಸ್ ಎಂಬ ಕಮಾಂಡ್ ಸರ್ವರ್‌ನ ಬಳಿ ಇರುವ ಈ ಫಾಂಟುಗಳ ಪಟ್ಟಿಯನ್ನು ಕೊಡುತ್ತದೆ.

ಆ ಪಟ್ಟಿಯ ಹೆಸರುಗಳು ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುವಷ್ಟು ಉದ್ದವಾಗಿರುತ್ತವೆ. ಪ್ರತಿ ಪೂರ್ಣ ಹೆಸರಿನಲ್ಲೂ ಅಡ್ಡಗೆರೆಗಳಿಂದ ಬೇರ್ಪಟ್ಟ 14 ಭಾಗಗಳಿದ್ದು, ತಯಾರಕರು, ಕುಟುಂಬ, ದಪ್ಪ, ಓರೆ, ಗಾತ್ರ ಎಂದು ಸಾಗಿ ಕೊನೆಯ ಎರಡು ಭಾಗಗಳು ಅಕ್ಷರ ಸಂಕೇತಪದ್ಧತಿಯನ್ನು ತಿಳಿಸುತ್ತವೆ. ಬೇಡವಾದ ಭಾಗದ ಜಾಗದಲ್ಲಿ ನಕ್ಷತ್ರಚಿಹ್ನೆ ಹಾಕಬಹುದು. ಹಾಗೆ ಹಾಕಿದಾಗ ಇಡೀ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯುವುದನ್ನು ಮರೆಯಬಾರದು. ಇಲ್ಲವಾದರೆ ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಮ್ ಆ ನಕ್ಷತ್ರಕ್ಕೆ ತನ್ನದೇ ಅರ್ಥ ಮಾಡಿಕೊಳ್ಳುವ ಸಂಭವವಿದೆ.

ಪಟ್ಟಿಯಿಂದ ಒಂದು ಹೆಸರನ್ನು ಆರಿಸಿ, ಎಕ್ಸ್‌ಎಫ್‌ಡಿ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಎಫ್‌ಎನ್ ಹಾಕಿ, ಮತ್ತೆ ಜಾಗ ಬಿಟ್ಟು ಆ ಹೆಸರನ್ನು ಕೊಟ್ಟರೆ ಒಂದು ವಿಂಡೋ ತೆರೆಯುತ್ತದೆ. ಅಚ್ಚುಕೂಟದ ಮೊಳೆಪೆಟ್ಟಿಗೆಯ ಹಾಗೆ ಅದರ ತುಂಬ ಖಾನೆಗಳು, ಖಾನೆಗೊಂದು ಅಕ್ಷರ. ಯಾವುದೇ ಖಾನೆಯ ಮೇಲೆ ಮೌಸ್ ಒತ್ತಿದರೆ ಆ ಅಕ್ಷರದ ಸಂಖ್ಯೆ, ಅಗಲ, ಸಾಲಿನ ಮೇಲೆ ಎಷ್ಟು ಏರುತ್ತದೆ, ಕೆಳಗೆ ಎಷ್ಟು ಇಳಿಯುತ್ತದೆ ಎಂಬ ಅಳತೆಗಳು ಕಾಣುತ್ತವೆ. ಫಾಂಟಿನ ಹೆಸರಿನ ಜಾಗದಲ್ಲಿ ಕರ್ಸರ್ ಎಂದು ಕೊಟ್ಟು ನೋಡಿ: ಬಾಣ, ಗಡಿಯಾರ, ಜೇಡ, ಹಾಯಿದೋಣಿ ಮುಂತಾಗಿ ಮೌಸ್ ತಾಳಬಹುದಾದ ಆಕಾರಗಳೆಲ್ಲ ಸಾಲಾಗಿ ಬರುತ್ತವೆ, ಏಕೆಂದರೆ ಎಕ್ಸ್‌ನಲ್ಲಿ ಅವೂ ಒಂದು ಫಾಂಟಿನ ಅಕ್ಷರಗಳೇ.

ಇಂದಿನ ಪ್ರೋಗ್ರಾಮ್‌ಗಳು ಹೆಚ್ಚಾಗಿ ಸರ್ವರ್‌ನ ಫಾಂಟುಗಳನ್ನು ಕೇಳುವುದಿಲ್ಲ. ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆಯ ಮೂಲಕ ತಾವೇ ಫಾಂಟನ್ನು ಹುಡುಕಿಕೊಳ್ಳುತ್ತವೆ. ಕನ್ನಡದವರಿಗೆ ನಿಜವಾಗಿ ಬೇಕಾದ ಭಾಗ ಇದು. ಎಫ್‌ಸಿ ಅಡ್ಡಗೆರೆ ಲಿಸ್ಟ್ ಎಂದು ಬರೆದು, ಜಾಗ ಬಿಟ್ಟು, ಕೋಲನ್, ಲ್ಯಾಂಗ್, ಸಮಚಿಹ್ನೆ, ಕೆಎನ್ ಎಂದು ಸೇರಿಸಿದರೆ ನಮ್ಮ ಯಂತ್ರದಲ್ಲಿರುವ ಕನ್ನಡ ಫಾಂಟುಗಳು ಮಾತ್ರ ಪಟ್ಟಿಯಾಗುತ್ತವೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಮುಂತಾದವು ಅಲ್ಲಿ ಕಾಣಬಹುದು. ಇಂತಹ ಫಾಂಟುಗಳಿಗಾಗಿಯೇ ಎಕ್ಸ್‌ಎಫ್‌ಡಿಯಲ್ಲಿ ಎಫ್‌ಎನ್ ಬದಲು ಎಫ್‌ಎ ಎಂಬ ಆಯ್ಕೆಯಿದೆ.

ಬೇರೆಬೇರೆ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ, 9ರ ನಂತರ ಎಯಿಂದ ಎಫ್‌ವರೆಗಿನ ಅಕ್ಷರಗಳನ್ನೂ ಅಂಕಿಗಳಾಗಿ ಬಳಸುವ ಹದಿನಾರಂಕಿ ಪದ್ಧತಿಯ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ 128 ಸ್ಥಾನಗಳು ಮೀಸಲಾಗಿವೆ. ಎಕ್ಸ್‌ಎಫ್‌ಡಿಗೆ ಸ್ಟಾರ್ಟ್ ಎಂಬ ಆಯ್ಕೆಯಲ್ಲಿ ಮೊದಲ ಸಂಖ್ಯೆಯನ್ನು ಕೊಟ್ಟು ಸಾಲಿಗೆ 16 ಖಾನೆಗಳಂತೆ ಜೋಡಿಸಿಕೊಂಡರೆ, ಮೊದಲ ಸಾಲಿನ ಆರನೆಯ ಖಾನೆಯಲ್ಲಿ ಅಕಾರ, ಅದರ ನೇರ ಕೆಳಗೆ ಎರಡನೆಯ ಸಾಲಿನಲ್ಲಿ ಕಕಾರ ಬರುತ್ತವೆ. ಹಳಗನ್ನಡದ ಕಾವ್ಯವನ್ನೋ ಶಾಸನಪಾಠವನ್ನೋ ಟೈಪ್ ಮಾಡುವವರು ಇಲ್ಲಿ ೞ ಮತ್ತು ಱ ಇವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಸ್ವರವಿಲ್ಲದ ನಕಾರದ ಹಳೆಯ ರೂಪವಾದ ನಕಾರ ಪೊಲ್ಲು ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದರ ಖಾನೆ ಬರಿದಾಗಿದ್ದರೆ ಆಶ್ಚರ್ಯವಿಲ್ಲ. ಯಾವ ಫಾಂಟಿನಲ್ಲಿ ೞ ಇದೆ ಎಂದು ಒಂದೊಂದನ್ನೇ ತೆರೆದು ನೋಡುವ ಶ್ರಮವೂ ಬೇಡ: ಎಫ್‌ಸಿ ಲಿಸ್ಟ್‌ಗೆ ಭಾಷೆಯ ಬದಲು ಚಾರ್‌ಸೆಟ್ ಎಂದು ಹೇಳಿ 0ಸಿಡಿಇ ಎಂಬ ಸಂಖ್ಯೆ ಕೊಟ್ಟರೆ ಆ ಅಕ್ಷರವುಳ್ಳ ಫಾಂಟುಗಳನ್ನಷ್ಟೇ ಅದು ತೋರಿಸುತ್ತದೆ.

ಆದರೂ ಎಕ್ಸ್‌ಎಫ್‌ಡಿಯ ಖಾನೆಗಳನ್ನು ಮಾತ್ರ ನೋಡಿ ಕನ್ನಡ ಫಾಂಟು ಸರಿಯಾಗಿದೆ ಎಂದು ತೀರ್ಮಾನಿಸುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಅಲ್ಲಿ ಕಕಾರ, ಸ್ವರವಿಲ್ಲವೆಂದು ಸೂಚಿಸುವ ಹಲಂತ ಚಿಹ್ನೆ, ಷಕಾರ ಬೇರೆಬೇರೆ ಖಾನೆಗಳಲ್ಲಿ ಕಾಣುತ್ತವೆಯೇ ಹೊರತು ಕ್ಷ ಎಂಬ ಕೂಡಿದ ರೂಪ ಕಾಣುವುದಿಲ್ಲ. ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆಯಿಲ್ಲ. ಅವು ಫಾಂಟಿನ ಒಳಗೆ ಆಕೃತಿಗಳಾಗಿ ಮಾತ್ರ ಇದ್ದು, ಅಕ್ಷರಗಳು ಕೂಡಿದಾಗ ಫಾಂಟಿನ ನಿಯಮಗಳ ಪ್ರಕಾರ ಹೊರಬರುತ್ತವೆ. ಅರ್ಕ ಎಂಬ ಪದದಲ್ಲಿ ಮೊದಲು ಟೈಪ್ ಮಾಡಿದ ರಕಾರ ಅರ್ಕಾವತ್ತಾಗಿ ಕಕಾರದ ಬಲಕ್ಕೆ ಹೋಗಿ ನಿಲ್ಲುವುದು ಈ ನಿಯಮಗಳಿಂದಲೇ.

ಈ ಜೋಡಣೆಯನ್ನು ಪರೀಕ್ಷಿಸಲು ಹಾರ್ಫ್‌ಬಝ್ ಎಂಬ ತಂತ್ರಾಂಶದೊಂದಿಗೆ ಬರುವ ಎಚ್‌ಬಿ ಅಡ್ಡಗೆರೆ ವ್ಯೂ ಎಂಬ ಕಮಾಂಡ್ ಇದೆ. ಅದಕ್ಕೆ ಫಾಂಟಿನ ಫೈಲನ್ನೂ ಒಂದು ಪದವನ್ನೂ ಕೊಟ್ಟರೆ ಆ ಫಾಂಟು ಪದವನ್ನು ಹೇಗೆ ಮೂಡಿಸುತ್ತದೆಂದು ತೋರಿಸುತ್ತದೆ; ಬೇಕಿದ್ದರೆ ಚಿತ್ರವಾಗಿಯೂ ಉಳಿಸಿಕೊಡುತ್ತದೆ. ಸ್ವಾತಂತ್ರ್ಯ, ರಾಷ್ಟ್ರ, ಕೃಷ್ಣ, ಅರ್ಕ ಈ ನಾಲ್ಕು ಪದಗಳನ್ನು ಕೊಟ್ಟು ನೋಡಿದರೆ ಎರಡು ಒತ್ತುಗಳು ಒಟ್ಟಿಗೆ ಬಂದಾಗಿನ ಜಾಗ, ವಟ್ರಸುಳಿಯ ಸ್ಥಾನ, ಅರ್ಕಾವತ್ತಿನ ಅಂತರ ಎಲ್ಲವೂ ತಿಳಿಯುತ್ತವೆ. ದೋಷ ಕಂಡರೆ ಆ ಪದವನ್ನೂ ಮೂಡಿದ ಚಿತ್ರವನ್ನೂ ಎಕ್ಸ್‌ಎಫ್‌ಡಿ ತೋರಿಸಿದ ಅಕ್ಷರಸಂಖ್ಯೆಯನ್ನೂ ಫಾಂಟು ತಯಾರಿಸಿದವರಿಗೆ ಕಳುಹಿಸಬಹುದು. ಲೋಹಿತ್ ಮತ್ತು ನೋಟೋ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಇರುವುದರಿಂದ, ಬಲ್ಲವರು ಆ ದೋಷವನ್ನು ತಾವೇ ತಿದ್ದಿ ಹಂಚುವುದಕ್ಕೂ ಅವಕಾಶವಿದೆ. ನಮಸ್ಕಾರ.