ಕೇಳಿಸದಂತೆ ಹಾಡುವವರು

ಕೇಳುಗರಿಗೆ ನಮಸ್ಕಾರ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಕೃತಿಗಳನ್ನು ಹಾಡುವ ಹವ್ಯಾಸಿಗಳ ವೃಂದಗಾನ ಸಂಘವೊಂದರಲ್ಲಿ ನಾನು ಹಲವು ವರ್ಷಗಳಿಂದ ಬೇಸ್ ಸಾಲಿನಲ್ಲಿ, ಅಂದರೆ ಗಂಡಸರ ಮಂದ್ರ ಕಂಠದ ಸಾಲಿನಲ್ಲಿ, ನಿಂತು ಹಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಸಭೆಯಲ್ಲಿ ಕುಳಿತ ಒಬ್ಬರೂ ನನ್ನ ದನಿಯನ್ನು ಬೇರೆಯಾಗಿ ಗುರುತಿಸಿಲ್ಲ. ಗುರುತಿಸಿದ್ದರೆ ಆ ದಿನ ನಾನು ತಪ್ಪು ಹಾಡಿದೆ ಎಂದೇ ಅರ್ಥ. ಒಬ್ಬ ಗಾಯಕ ಒಂದು ರಾಗವನ್ನು ತನ್ನ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತ ಹೋಗುವುದನ್ನು ಕೇಳಿ ಪಳಗಿದ ಕಿವಿಗೆ ಈ ಮಾತು ವಿಚಿತ್ರವೆನಿಸೀತು. ಆದರೆ ತನ್ನ ದನಿ ಎದ್ದು ಕೇಳಿಸದಂತೆ ಹಾಡುವುದೂ ಕಲಿತೇ ಬರಬೇಕಾದ ವಿದ್ಯೆ. ಆ ವಿದ್ಯೆಯ ಬಗ್ಗೆ, ಅದನ್ನು ಕಲಿಸುವ ಸಂಘಗಳ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ.

ಇಂಥ ಸಂಘದಲ್ಲಿ ಐವತ್ತು ಅರವತ್ತರಿಂದ ಹಿಡಿದು ನೂರಕ್ಕೂ ಹೆಚ್ಚು ಜನ ಇರುತ್ತಾರೆ. ಹೆಂಗಸರಲ್ಲಿ ಮೇಲಿನ ಸ್ಥಾಯಿಯವರು ಸೊಪ್ರಾನೊ, ಕೆಳಗಿನವರು ಆಲ್ಟೊ. ಗಂಡಸರಲ್ಲಿ ಮೇಲಿನವರು ಟೆನರ್, ಕೆಳಗಿನವರು ಬೇಸ್. ನಾಲ್ಕೂ ಸಾಲುಗಳು ಒಂದೇ ಹೊತ್ತಿಗೆ ನಾಲ್ಕು ಬೇರೆ ಬೇರೆ ಸ್ವರಪಂಕ್ತಿಗಳನ್ನು ಹಾಡುತ್ತವೆ. ಟೆನರ್‌ಗಳ ಬರವಿಲ್ಲದ ಸಂಘವನ್ನು ನಾನಿನ್ನೂ ಕಂಡಿಲ್ಲ. ಹೊಸಬರೊಬ್ಬರು ಬಾಗಿಲಲ್ಲಿ ನಿಂತು ತಾವು ಟೆನರ್ ಎಂದರೆ ಅವರ ಕಂಠಪರೀಕ್ಷೆ ಅರ್ಧ ಅಲ್ಲೇ ಮುಗಿದ ಹಾಗೆ. ಹಾಡುವವರಲ್ಲಿ ಮೇಷ್ಟ್ರು, ನರ್ಸು, ಲೆಕ್ಕಪತ್ರ ನೋಡುವವರು, ನಿವೃತ್ತರು ಎಲ್ಲರೂ ಉಂಟು. ವಾರಕ್ಕೊಂದು ಸಂಜೆಯಂತೆ ಎರಡು ಮೂರು ತಿಂಗಳು ಅಭ್ಯಾಸ ಮಾಡಿ, ಕೊನೆಗೆ ಎರಡು ಗಂಟೆಯ ಒಂದು ಕಛೇರಿ ಕೊಡುತ್ತೇವೆ. ಒಂಟಿಯಾಗಿ ಹಾಡುವ ನಾಲ್ವರು ಗಾಯಕರಿಗೂ ವಾದ್ಯಮೇಳದವರಿಗೂ ಸಂಭಾವನೆ ಸಲ್ಲುತ್ತದೆ. ನಾವಾದರೋ ಚಂದಾ ಕೊಟ್ಟು ಹಾಡುವವರು. ಟಿಕೆಟ್ಟಿನ ಹಣವೊಂದರಿಂದಲೇ ವಾದ್ಯಮೇಳದ ಖರ್ಚು ಹುಟ್ಟುವುದು ಅಪರೂಪ, ಹಾಗಾಗಿ ಸಂಘದ ಖಜಾಂಚಿಯ ಮುಖದಲ್ಲಿ ಸಂಗೀತದ ಆನಂದ ಕಾಣುವುದೂ ಅಪರೂಪ.

ಅಭ್ಯಾಸದ ಸಂಜೆ ಹೇಗಿರುತ್ತದೆಂಬುದನ್ನು ಒಂದು ಅಕ್ಷರದ ಕಥೆಯಿಂದ ಹೇಳುತ್ತೇನೆ. ಲ್ಯಾಟಿನ್ ಪ್ರಾರ್ಥನೆಗಳಲ್ಲಿ ‘ಮಿಸೆರೆರೆ ನೋಬಿಸ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಮ್ಮನ್ನು ಕರುಣಿಸು ಎಂದು ಅರ್ಥ. ಎಂಬತ್ತು ಜನ ಅದನ್ನು ಹಾಡಿ ಕೊನೆಯ ಸಕಾರವನ್ನು ತಮತಮಗೆ ತೋಚಿದ ಕ್ಷಣದಲ್ಲಿ ಬಿಟ್ಟರೆ, ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ಸಭಾಂಗಣವೆಲ್ಲ ಚುರುಗುಡುತ್ತದೆ. ನಮ್ಮ ನಿರ್ದೇಶಕಿ ಒಂದು ಸಂಜೆ ಈ ಒಂದು ಅಕ್ಷರಕ್ಕೆ ಇಪ್ಪತ್ತು ನಿಮಿಷ ಕಳೆದರು. (ಕಂಡಕ್ಟರ್ ಎಂಬ ಪದವನ್ನು ಕನ್ನಡದಲ್ಲಿ ಬಸ್ಸಿನವರು ಮೊದಲೇ ವಶಪಡಿಸಿಕೊಂಡಿರುವುದರಿಂದ ನಾನು ನಿರ್ದೇಶಕಿ ಎನ್ನುತ್ತಿದ್ದೇನೆ.) ಕೊನೆಗೆ ಅವರು ಪ್ರತಿ ಸಾಲಿಗೂ ಇಬ್ಬರನ್ನು ಆರಿಸಿ, ಸಕಾರ ಅವರದು, ಉಳಿದವರೆಲ್ಲ ‘ನೋಬಿ’ ಎಂಬಲ್ಲಿಗೇ ನಿಲ್ಲಿಸಿ ಎಂದರು. ಅಂದಿನಿಂದ ನಾನು ಆ ಪದವನ್ನು ಪೂರ್ತಿ ಹಾಡಿದ್ದಿಲ್ಲ. ಸಭೆಯಲ್ಲಿ ಕುಳಿತವರಿಗೆ ಮಾತ್ರ ಅದು ಪೂರ್ತಿಯಾಗಿಯೇ ಕೇಳಿಸುತ್ತದೆ.

ಉಸಿರಿನದೂ ಇದೇ ಲೆಕ್ಕ. ಒಬ್ಬ ಮನುಷ್ಯನ ಶ್ವಾಸಕ್ಕೆ ನಿಲುಕದಷ್ಟು ದೀರ್ಘ ಸ್ವರವನ್ನು ವೃಂದ ಎಳೆದು ನಿಲ್ಲಿಸಬಲ್ಲದು, ಏಕೆಂದರೆ ಅಕ್ಕಪಕ್ಕದವರು ಒಟ್ಟಿಗೆ ಉಸಿರು ತೆಗೆದುಕೊಳ್ಳದೆ ಸರದಿಯಂತೆ ಮೆಲ್ಲಗೆ ಬಿಟ್ಟು, ಮೆಲ್ಲಗೆ ಬಂದು ಸೇರಿಕೊಳ್ಳುತ್ತಾರೆ. ಬಿಡುವುದು ಸುಲಭ. ಮರಳಿ ಸೇರುವಾಗ ಹೊಸ ಉಸಿರಿನ ಬಲದಿಂದ ದನಿ ಮುನ್ನುಗ್ಗದಂತೆ ತಡೆಯುವುದು ಕಷ್ಟ. ಇನ್ನು ವಾದ್ಯದ ಆಸರೆಯಿಲ್ಲದ ಕೃತಿಯಾದರೆ ಶ್ರುತಿ ಇಳಿಯುವ ಭಯ ಬೇರೆ. ಹಾಡುತ್ತಿರುವಾಗ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತದೆ, ಏಕೆಂದರೆ ಎಲ್ಲರೂ ಒಟ್ಟಿಗೇ ಇಳಿದಿರುತ್ತೇವೆ. ಮುಗಿದ ಮೇಲೆ ಪಿಯಾನೊದ ಮುಂದೆ ಕುಳಿತವರು ಏನೂ ಮಾತಾಡದೆ ಒಂದು ಸ್ವರವನ್ನು ಒತ್ತುತ್ತಾರೆ. ಶ್ರುತಿ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಕೆಳಗೆ ಬಂದಿರುವುದು ಆಗ ತಿಳಿಯುತ್ತದೆ. ಆಗ ಸೊಪ್ರಾನೊಗಳು ತಿರುಗಿ ನೋಡುವುದು ಬೇಸ್ ಸಾಲಿನ ಕಡೆಗೆ. ಇದು ಅನ್ಯಾಯವೆಂದು ಆಕಾಶವಾಣಿಯ ಮೂಲಕ ದಾಖಲಿಸಬಯಸುತ್ತೇನೆ.

ಇಂಥ ಹವ್ಯಾಸಿಗಳಿಗೆ ಇಷ್ಟು ದೊಡ್ಡ ಕೃತಿಗಳ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಆದರೆ ಅವುಗಳಲ್ಲಿ ಒಂದು ಮಹಾಕೃತಿಯಾದರೂ ಮತ್ತೆ ಬೆಳಕಿಗೆ ಬಂದದ್ದು ಹವ್ಯಾಸಿಗಳ ಕಂಠದಿಂದಲೇ. ಬರ್ಲಿನ್ನಿನಲ್ಲಿ 1791ರಲ್ಲಿ ಕಾರ್ಲ್ ಫಾಶ್ ಎಂಬ ಸಂಗೀತಗಾರ ಸಿಂಗ್-ಅಕಾಡೆಮಿ ಎಂಬ ಗಾಯನ ಸಂಘವನ್ನು ಕಟ್ಟಿದ. ಚರ್ಚಿನ ವೃಂದಗಳಲ್ಲಿ ಮೇಲಿನ ಸ್ಥಾಯಿಗೆ ಬಾಲಕರನ್ನೇ ನಿಲ್ಲಿಸುತ್ತಿದ್ದ ಪದ್ಧತಿಯ ನಡುವೆ, ಇಲ್ಲಿ ಗೃಹಸ್ಥ ಹೆಣ್ಣುಮಕ್ಕಳೂ ಗಂಡಸರೂ ಕೂಡಿ ಹಾಡಿದರು. ಫಾಶ್‌ನ ನಂತರ ಸಂಘವನ್ನು ನಡೆಸಿದ ಝೆಲ್ಟರ್ ಕಸುಬಿನಿಂದ ಕಟ್ಟಡ ಕಟ್ಟುವ ಮೇಸ್ತ್ರಿ. ಅವನ ಶಿಷ್ಯ ಫೆಲಿಕ್ಸ್ ಮೆಂಡೆಲ್ಸನ್, ಜರ್ಮನ್ ಸಂಯೋಜಕ ಬಾಖ್‌ನ, ಕ್ರಿಸ್ತನ ಯಾತನೆ ಮತ್ತು ಮರಣದ ಕಥೆ ಹೇಳುವ ಸೇಂಟ್ ಮ್ಯಾಥ್ಯೂ ಪ್ಯಾಶನ್ ಕೃತಿಯನ್ನು ಈ ಸಂಘದಿಂದ ಹಾಡಿಸಬೇಕೆಂದು ಹೊರಟಾಗ ಗುರುವಿಗೇ ನಂಬಿಕೆ ಇರಲಿಲ್ಲ. ಎರಡು ವೃಂದಗಳನ್ನೂ ಎರಡು ವಾದ್ಯಮೇಳಗಳನ್ನೂ ಬೇಡುವ ಆ ಕೃತಿ, 1750ರಲ್ಲಿ ಬಾಖ್ ತೀರಿಕೊಂಡ ಮೇಲೆ ಬಹುಮಟ್ಟಿಗೆ ಕಾಗದದ ಮೇಲಷ್ಟೇ ಉಳಿದಿತ್ತು. 1829ರ ಮಾರ್ಚ್ 11ರಂದು, ಇಪ್ಪತ್ತರ ಹರೆಯದ ಮೆಂಡೆಲ್ಸನ್ ನೂರೈವತ್ತಕ್ಕೂ ಮಿಕ್ಕ ಹಾಡುಗಾರರೊಂದಿಗೆ, ಹಲವು ಭಾಗಗಳನ್ನು ಕೈಬಿಟ್ಟು, ಅದನ್ನು ಮತ್ತೆ ಸಭೆಗೆ ತಂದ. ಬಾಖ್‌ನ ಹೆಸರು ಜಗತ್ತಿನ ಬಾಯಲ್ಲಿ ಮರಳಿ ನೆಲೆಗೊಳ್ಳಲು ಆ ಸಂಜೆ ದೊಡ್ಡ ಕಾರಣ.

ಆ ಶತಮಾನದಲ್ಲಿ ಇಂಥ ಸಂಘಗಳು ಊರೂರಿಗೆ ಹಬ್ಬಿದವು. ಬಾಸ್ಟನ್ನಿನಲ್ಲಿ 1815ರಲ್ಲಿ, ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರಾದ ಹಡರ್ಸ್‌ಫೀಲ್ಡ್‌ನಲ್ಲಿ 1836ರಲ್ಲಿ ಹುಟ್ಟಿದ ಸಂಘಗಳು ಈಗಲೂ ಹಾಡುತ್ತಿವೆ. ಉತ್ಸಾಹವೊಂದರಿಂದ ಇದು ಆಗಲಿಲ್ಲ. ಲಂಡನ್ನಿನ ನೊವೆಲ್ಲೊ ಪ್ರಕಾಶನ ಸ್ವರಪುಸ್ತಕಗಳನ್ನು ಸಣ್ಣ ಆಕಾರದಲ್ಲಿ, ಕೂಲಿಯವರಿಗೂ ಕೈಗೆಟುಕುವ ಬೆಲೆಯಲ್ಲಿ ಅಚ್ಚು ಹಾಕಿತು. ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ, ಜಾನ್ ಕರ್ವೆನ್ ಎಂಬ ಪಾದ್ರಿ ತಿದ್ದಿ ಹರಡಿದ ಟಾನಿಕ್ ಸೋಲ್ಫಾ ಪದ್ಧತಿಯಿಂದ, ಐದು ಗೆರೆಗಳ ಸ್ವರಲಿಪಿ ಓದಲು ಬಾರದವರೂ ಅಕ್ಷರ ನೋಡಿ ಹಾಡುವಂತಾಯಿತು. ಯಾವ ಶ್ರುತಿಯಲ್ಲಿ ಹಾಡಿದರೂ ಆಧಾರ ಸ್ವರಕ್ಕೆ ‘ಡೊ’ ಎಂದೇ ಹೆಸರಿಡುವ ಈ ಕ್ರಮ ನಮಗೆ ಹೊಸದೇನಲ್ಲ. ನಮ್ಮ ಷಡ್ಜವೂ ಹಾಗೆಯೇ ಹಾಡುವವರ ಶ್ರುತಿಯನ್ನು ಅನುಸರಿಸಿ ಜಾಗ ಬದಲಿಸುತ್ತದೆ.

ಅತಿರೇಕವೂ ನಡೆಯಿತು. 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಹ್ಯಾಂಡೆಲ್ ಎಂಬ ಸಂಯೋಜಕ ಕ್ರಿಸ್ತನನ್ನು ಕುರಿತು ರಚಿಸಿದ ಮೆಸ್ಸಾಯ ಮೊದಲ ಸಲ ಪ್ರಯೋಗಗೊಂಡಾಗ ಹಾಡಿದ್ದು ಎರಡು ಕೆಥೆಡ್ರಲ್‌ಗಳಿಂದ ಬಂದ ಒಂದು ಸಣ್ಣ ವೃಂದ. 1857ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಮಹಾಭವನದ ಉತ್ಸವದಲ್ಲಿ ಅದೇ ಕೃತಿಯನ್ನು ಹಾಡಲು ಎರಡು ಸಾವಿರದಷ್ಟು ಜನ ನಿಂತರು. ಇಪ್ಪತ್ತು ಸಮರ್ಥ ಗಾಯಕರಿಂದ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿಸಿ ಹಾಡಿಸಬಾರದೇ ಎಂದು ಸಂಗೀತ ವಿಮರ್ಶಕನೂ ಆಗಿದ್ದ ನಾಟಕಕಾರ ಬರ್ನಾರ್ಡ್ ಷಾ 1891ರಲ್ಲಿ ಕೇಳಿದ. ಅವನ ಮಾತು ಸರಿ. ಮೆಸ್ಸಾಯದ ಓಟದ ಸ್ವರಗಳನ್ನು ಎಂಬತ್ತು ಜನ ಹಾಡಿದರೇ ಮಸಿ ಕಲಸಿದಂತಾಗುತ್ತದೆ. ಆದರೆ ಇಪ್ಪತ್ತರಲ್ಲಿ ನನಗೆ ಜಾಗ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ಸರಿ.

ಕಛೇರಿಯ ದಿನ ಮಧ್ಯಾಹ್ನವೇ ನಾವು ವಾದ್ಯಮೇಳವನ್ನು ಮೊದಲ ಸಲ ಕಾಣುವುದು. ಅಲ್ಲಿಯವರೆಗೆ ಪಿಯಾನೊದೊಂದಿಗೆ ಹಾಡಿದ ನಮಗೆ, ಹಿತ್ತಾಳೆಯ ತುತ್ತೂರಿಗಳು ಊದಿದ ಕೂಡಲೇ ಪಕ್ಕದವರ ದನಿ ಹಾಗಿರಲಿ, ನಮ್ಮ ದನಿಯೇ ಕೇಳಿಸುವುದಿಲ್ಲ. ಹೆಚ್ಚಿನವರು ಆಗ ಕಿರುಚತೊಡಗುತ್ತಾರೆ, ಸಂಜೆಯ ಹೊತ್ತಿಗೆ ಗಂಟಲು ಕಟ್ಟುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬ್ರಾಮ್ಸ್ ಎಂಬ ಸಂಯೋಜಕನ, ಸಾವು ಮತ್ತು ಸಾಂತ್ವನವನ್ನು ಕುರಿತ ಜರ್ಮನ್ ರಿಕ್ವಿಯಮ್ ಕೃತಿಯ ಮೊದಲ ಮೂರು ಭಾಗಗಳನ್ನು 1867ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ನುಡಿಸಿದಾಗ, ಮೂರನೆಯ ಭಾಗದ ಕೊನೆಗೆ ಬುಡದಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲಿಸಬೇಕಾಗಿದ್ದ ಭೇರಿಯವನು ಅದನ್ನು ಎಷ್ಟು ಬಲವಾಗಿ ಬಾರಿಸಿದನೆಂದರೆ ಮೇಲಿನ ನಾಲ್ಕೂ ಪಂಕ್ತಿಗಳು ಮುಳುಗಿಹೋದವು. ಮರು ವರ್ಷ ಬ್ರೆಮೆನ್ನಿನಲ್ಲಿ ಅದೇ ಕೃತಿ ಆರು ಭಾಗಗಳಾಗಿ ಗೆದ್ದಿತು. ಈಗ ಐದನೆಯದಾಗಿರುವ ಭಾಗವನ್ನು ಬ್ರಾಮ್ಸ್ ಆಮೇಲೆ ಸೇರಿಸಿದ, ಹೀಗೆ ಭಾಗಗಳು ಏಳಾದವು. ನಾವು ಅದನ್ನು ಹಾಡಿದ ವರ್ಷ ನಿರ್ದೇಶಕಿ ಭೇರಿ ನುಡಿಸುವವರ ಬಳಿಗೆ ನಡೆದು ಹೋಗಿ ಕಿವಿಯಲ್ಲಿ ಏನೋ ಹೇಳಿ ಬಂದರು. ಏನು ಹೇಳಿರಬಹುದೆಂದು ನಾವು ಕೇಳಲಿಲ್ಲ.

ಕಛೇರಿ ಮುಗಿದ ಮುಂದಿನ ವಾರ ಹಾಡುವುದಿಲ್ಲ. ನಾವು ಬಳಸುವ ಸ್ವರಪುಸ್ತಕಗಳು ಬಹುಪಾಲು ಬಾಡಿಗೆಯವು, ಮರಳಿಸುವ ಮೊದಲು ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಿ ಕೊಡಬೇಕು. ಅಭ್ಯಾಸದ ಕೋಣೆಯಲ್ಲಿ ಎಂಬತ್ತು ಜನ ರಬ್ಬರ್ ಹಿಡಿದು ಕುಳಿತು, ಇಲ್ಲಿ ಉಸಿರು, ಇಲ್ಲಿ ಮೆಲ್ಲಗೆ, ಇಲ್ಲಿ ನಿರ್ದೇಶಕಿಯನ್ನು ನೋಡು ಎಂದು ತಾವೇ ಬರೆದುಕೊಂಡದ್ದನ್ನು ಪುಟಪುಟವಾಗಿ ಉಜ್ಜುತ್ತೇವೆ. ಈ ಸಲ ನನ್ನ ಪಾಲಿಗೆ ಬಂದ ಪ್ರತಿಯಲ್ಲಿ, ನನಗಿಂತ ಹಿಂದೆ ಹಾಡಿದ ಯಾರೋ ಒಬ್ಬರು ‘ನೋಬಿಸ್’ ಪದದ ಕೊನೆಯ ಅಕ್ಷರವನ್ನು ಪೆನ್ಸಿಲಿನಿಂದ ಒತ್ತಿ ಹೊಡೆದುಹಾಕಿದ್ದರು. ಆ ಒಂದು ಗೆರೆಯನ್ನು ನಾನು ಅಳಿಸಲಿಲ್ಲ.

ನಮಸ್ಕಾರ.