ಹಂಚಿನ ಮೇಲೆ ಕಪ್ಪು, ತಗಡಿನ ಮೇಲೆ ಬಿಳುಪು

ಕೇಳುಗರೆ, ನಮಸ್ಕಾರ.

ಮಡಿಕೇರಿಯಂಥ ಗುಡ್ಡದ ಪಟ್ಟಣದಲ್ಲಿ ಒಂದು ಶೀತಲಗೃಹ. ಅದರ ಕೊಳವೆಯಿಂದ ಅಮೋನಿಯ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಕಣ್ಣಿಗೆ ಕಾಣದ ಈ ಅನಿಲವನ್ನು ವಿಮಾನದಲ್ಲಿಟ್ಟ ಉಷ್ಣ ಕ್ಯಾಮೆರಾ ಹಿಡಿಯಬಲ್ಲದು. 10.35 ಮತ್ತು 10.75 ಮೈಕ್ರಾನ್ (ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಉದ್ದದ ಶಾಖದ ತರಂಗಗಳಲ್ಲಿ ಅಮೋನಿಯದ ಗುರುತು ಎದ್ದು ಕಾಣುತ್ತದೆ. ಆ ಗುರುತನ್ನು ಹುಡುಕಲು ಕಂಪ್ಯೂಟರಿಗೆ ಕಲಿಸಬೇಕು. ಅದಕ್ಕಾಗಿ ಊರೊಳಗೆ ವಿಷಾನಿಲ ಬಿಡಲಾದೀತೆ? ಹಾಗಾಗಿ ಊರನ್ನೂ ಸೋರಿಕೆಯನ್ನೂ ಕಂಪ್ಯೂಟರಿನಲ್ಲೇ ಕಟ್ಟಿ ಚಿತ್ರ ತೆಗೆಯುತ್ತಾರೆ. ಅಮೆರಿಕದ ರೋಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಡರ್ಸಿಗ್ ಈ ಕೆಲಸಕ್ಕೆ ಹೆಸರಾದ ತಂತ್ರಾಂಶ.

ಇಲ್ಲಿ ದೊಡ್ಡ ತಪ್ಪೆಂದರೆ ಸಿದ್ಧ ಚಿತ್ರದ ಮೇಲೆ ಹೊಗೆಯಂಥ ಕಪ್ಪು ಛಾಯೆ ಬಳಿಯುವುದು. ಅನಿಲ ಹೇಗೆ ಕಾಣುತ್ತದೆಂಬುದು ಅದರ ಉಷ್ಣತೆಗೂ ಹಿನ್ನೆಲೆಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಬಿಸಿಯಾದದ್ದು ಬೆಳ್ಳಗೆ, ತಣ್ಣಗಿರುವುದು ಕಪ್ಪಾಗಿ ಕಾಣುವ ಉಷ್ಣ ಚಿತ್ರದಲ್ಲಿ, ಮಧ್ಯಾಹ್ನ ಕಾದ ಮಂಗಳೂರು ಹಂಚಿನ ಮೇಲೆ ತಣ್ಣನೆಯ ಅನಿಲ ಕಪ್ಪಾಗಿ ಕಾಣುತ್ತದೆ. ಪಕ್ಕದ ಮನೆಗೆ ಬಣ್ಣ ಬಳಿಯದ, ಹೊಳೆಯುವ ತಗಡು. ಮುಟ್ಟಿದರೆ ಕೈ ಸುಡುತ್ತದೆ, ಆದರೂ ಕ್ಯಾಮೆರಾಕ್ಕೆ ಅದು ತಣ್ಣಗೆ, ಏಕೆಂದರೆ ಕನ್ನಡಿಯಂತೆ ಮೇಲಿನ ತಂಪು ಆಕಾಶವನ್ನೇ ತೋರಿಸುತ್ತಿರುತ್ತದೆ. ಅಲ್ಲಿ ಅದೇ ಅನಿಲ ಬೆಳ್ಳಗೆ. ಇವೆರಡರ ನಡುವಿನ ಯಾವುದೋ ಚಾವಣಿಯ ಮೇಲೆ ಅನಿಲ ಕಾಣುವುದೇ ಇಲ್ಲ. 10 ಮೈಕ್ರಾನಿನಲ್ಲಿ ಚಾವಣಿಯ ಉಷ್ಣತೆ ಒಂದು ಡಿಗ್ರಿ ತಪ್ಪಿದರೆ ವಿಕಿರಣ ಸುಮಾರು ಶೇಕಡಾ 1.6ರಷ್ಟು ತಪ್ಪುತ್ತದೆ. ತೆಳು ಸೋರಿಕೆಯ ಸುಳಿವು ಅದಕ್ಕಿಂತ ಸಣ್ಣದಿರಬಹುದು. ಆದ್ದರಿಂದ ಒಂದೊಂದು ಚಾವಣಿಗೂ ವಸ್ತು, ಇಳಿಜಾರು, ಬಿಸಿಲು ಬಿದ್ದ ಹೊತ್ತು, ಎಲ್ಲ ಕೊಡಲೇಬೇಕು. ಪಾಚಿ ಕಟ್ಟಿದ ಒದ್ದೆ ಹಂಚನ್ನೂ ಒಣ ಹಂಚನ್ನೂ ಒಂದೇ ಎಂದು ಬರೆಯಬೇಡಿ.

ಇನ್ನು ಗಾಳಿ. ಅನಿಲ ಹರಡುವುದನ್ನು ಲೆಕ್ಕಹಾಕುವ ಗಾಸ್ ಸೂತ್ರ ಕೊಡುವ ನಯವಾದ ಬಾಲ ಹಲವು ನಿಮಿಷಗಳ ಸರಾಸರಿ. ಕ್ಯಾಮೆರಾ ಹಿಡಿಯುವುದು ಒಂದು ಕ್ಷಣವನ್ನು. ಆ ಕ್ಷಣದಲ್ಲಿ ಅನಿಲ ತುಂಡುತುಂಡಾಗಿ, ಗೋಡೆಗಳ ಹಿಂದೆ ಸುಳಿಯಾಗಿ ನಿಂತಿರುತ್ತದೆ. ರಾತ್ರಿ ತಂಪು ಗಾಳಿ ಇಳಿಜಾರು ಹಿಡಿದು ಕೆಳಗಿಳಿಯುತ್ತದೆ. ರಾಜಾಸೀಟಿನಿಂದ ಬೆಳಗಿನ ಮಂಜು ಕಣಿವೆ ತುಂಬಿರುವುದನ್ನು ಕಂಡವರಿಗೆ ಆ ತಂಪು ಎಲ್ಲಿ ಹೋಗಿ ತಂಗುತ್ತದೆಂದು ಹೇಳಬೇಕಿಲ್ಲ. ಅಮೋನಿಯ ಗಾಳಿಗಿಂತ ಹಗುರವೇ. ಆದರೆ ದ್ರವವಾಗಿ ಚಿಮ್ಮಿದಾಗ ತಣ್ಣನೆಯ ಹನಿಗಳೊಂದಿಗೆ ನೆಲ ಹಿಡಿದು ಹರಿಯಬಲ್ಲದು.

ಕ್ಯಾಮೆರಾಕ್ಕೆ ಸಿಗುವ ಅನಿಲದ ಅಳತೆ ಸಾಂದ್ರತೆಯನ್ನು ದಪ್ಪದಿಂದ ಗುಣಿಸಿದ್ದು: 10 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 10 ಭಾಗ) ಅನಿಲ 5 ಮೀಟರ್ ದಪ್ಪವಿದ್ದರೆ 50 ಪಿಪಿಎಂ-ಮೀಟರ್. ಇದು ಇಮ್ಮಡಿಯಾದರೆ ಗುರುತು ಇಮ್ಮಡಿಯಾಗುವುದಿಲ್ಲ. ಹಾಗಾಗಿ ನೆಲದ 2 ಮೀಟರ್ ತೋರಿಸುವ ಪಿಕ್ಸೆಲ್ಲಿನೊಳಗೆ ಲೆಕ್ಕದಲ್ಲಿ ಹಲವು ಕಿರಣ ಹಾಯಿಸಿ, ಒಂದೊಂದರ ವಿಕಿರಣ ಲೆಕ್ಕಹಾಕಿ, ಆಮೇಲೆ ಸರಾಸರಿ ತೆಗೆಯಿರಿ. ಮೊದಲೇ ಸಾಂದ್ರತೆಯ ಸರಾಸರಿ ತೆಗೆದರೆ ಅಂಚಿನ ಪಿಕ್ಸೆಲ್ಲುಗಳೆಲ್ಲ ಸುಳ್ಳು ಹೇಳುತ್ತವೆ.

ಜುಲೈಯ ಮಂಜಿನ ದಿನವನ್ನು ಆರಿಸಿಕೊಳ್ಳಬೇಡಿ, ನೀರ ಹನಿಗಳು ಈ ತರಂಗಗಳನ್ನು ತಡೆಯುತ್ತವೆ. ಜನವರಿಯ ತಿಳಿ ಮಧ್ಯಾಹ್ನದಿಂದ ಶುರುಮಾಡಿ.