ತಿರುವಿನಲ್ಲಿ ನೆಲ ತಾಗುವ ಗಾಡಿ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯಿಂದ ಜೇವರ್ಗಿ ಕಡೆಗೋ ಅಫಜಲಪುರ ಕಡೆಗೋ ಬೈಕ್ ಓಡಿಸುವವರಿಗೆ ತಿರುವಿನ ಚಿಂತೆ ಕಡಿಮೆ. ತೊಗರಿ ಹೊಲಗಳ ನಡುವೆ ರಸ್ತೆ ಹೆಚ್ಚಾಗಿ ಸೀದಾ ಹೋಗುತ್ತದೆ. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಹೊರಳಿದರೆ ಮಾತೇ ಬೇರೆ. ಅಲ್ಲಿ ಗುಡ್ಡ, ಇಳಿಜಾರು, ಒಂದರ ಹಿಂದೆ ಒಂದು ತಿರುವು.

ಅಂಥ ಒಂದು ಎಡ ತಿರುವಿನಲ್ಲಿ ನನ್ನ ಗಾಡಿ ನೆಲ ಮುಟ್ಟಿತು. ಹಿಂದೆ ಹೆಂಡತಿ ಕೂತಿದ್ದಳು. ಜೊತೆಗೆ ಒಂದು ಚೀಲ ಬೇಳೆ. ವೇಗ ನಲವತ್ತರ ಆಚೆ ಈಚೆ, ಅಷ್ಟೇ. ಕೆಳಗಿನಿಂದ ಕರ್‌ರ್ ಅಂತ ಸದ್ದು ಬಂತು. ಮರುಕ್ಷಣ ಹಿಂದಿನ ಚಕ್ರ ಹೊರಗೆ ಜಾರಿತು. ಬೀಳಲಿಲ್ಲ. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಸೆಂಟರ್ ಸ್ಟ್ಯಾಂಡಿನ ಕಾಲು ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ.

ತಿರುವಿನಲ್ಲಿ ಫುಟ್‌ರೆಸ್ಟ್ ನೆಲಕ್ಕೆ ತಾಗಿದರೆ ಕೆಲವು ಹುಡುಗರು ಅದನ್ನು ದೊಡ್ಡ ಸಾಹಸ ಅಂದುಕೊಳ್ಳುತ್ತಾರೆ. ಅದು ಸಾಹಸ ಅಲ್ಲ, ಗಾಡಿ ಕೊಡುವ ಎಚ್ಚರಿಕೆ. ಫುಟ್‌ರೆಸ್ಟ್ ಮಡಚಿಕೊಳ್ಳುವಂಥದ್ದಾದರೆ ತಾಗಿದಾಗ ಮೇಲಕ್ಕೆ ಹೋಗುತ್ತದೆ, ಬಚಾವ್. ಸ್ಟ್ಯಾಂಡು, ಸೈಲೆನ್ಸರ್ ಹಾಗೆ ಮಡಚುವುದಿಲ್ಲ. ಅವು ನೆಲಕ್ಕೆ ಊರಿದರೆ ಗಾಡಿಯ ಭಾರ ಟೈರಿನಿಂದ ಅವುಗಳ ಮೇಲೆ ಬರುತ್ತದೆ. ಟೈರಿನ ಹಿಡಿತ ಬಿಟ್ಟುಹೋಗುತ್ತದೆ. ನನಗೆ ಆದದ್ದು ಅದೇ.

ಹಾಗಾದರೆ ಗಾಡಿ ಅಷ್ಟು ಕೆಳಗೆ ಯಾಕೆ ಇಳಿಯಿತು? ಇಬ್ಬರ ಭಾರ, ಬೇಳೆ ಚೀಲ, ಹಳೆಯ ಶಾಕ್ ಅಬ್ಸಾರ್ಬರ್, ಇವು ಕಣ್ಣಿಗೆ ಕಾಣುವ ಕಾರಣ. ಕಾಣದ ಕಾರಣವೂ ಒಂದಿದೆ. ತಿರುವಿನಲ್ಲಿ ವಾಲಿದಾಗ ಸ್ಪ್ರಿಂಗಿನ ಮೇಲೆ ಬೀಳುವ ಒತ್ತಡ ಜಾಸ್ತಿಯಾಗುತ್ತದೆ. 30 ಡಿಗ್ರಿ ವಾಲಿದರೆ ಸುಮಾರು ಶೇಕಡಾ 15 ಹೆಚ್ಚು. 45 ಡಿಗ್ರಿ ವಾಲಿದರೆ ಶೇಕಡಾ 41. ಅಂದರೆ ಗಾಡಿಗೆ ಎತ್ತರ ಬೇಕಾದ ಹೊತ್ತಿನಲ್ಲೇ ಅದು ಇನ್ನಷ್ಟು ಕುಗ್ಗುತ್ತದೆ. ಇದರ ಜೊತೆ ನಮ್ಮ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ವಾಲಿರುವಾಗ ಅಂಥ ಒಂದು ತಗ್ಗಿಗೆ ಇಳಿದರೆ ನೆಲಕ್ಕೂ ಗಾಡಿಗೂ ನಡುವೆ ಉಳಿದಿದ್ದ ಎರಡು ಬೆರಳು ಜಾಗವೂ ಹೋಯಿತು.

ಊರಿಗೆ ಬಂದ ಮೇಲೆ ಟೇಪು ಹಿಡಿದು ಕೂತೆ. ನೀವೂ ಮಾಡಿ, ಖರ್ಚಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ಗಾಳಿಯಲ್ಲಿ ತೂಗಬೇಕು. ಚಕ್ರದ ಆಕ್ಸೆಲ್ ನಟ್ಟಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಒಂದು ಗುರುತು ಹಾಕಿ, ಅಳತೆ ಬರೆದುಕೊಳ್ಳಿ. ಆಮೇಲೆ ಸ್ಟ್ಯಾಂಡ್ ತೆಗೆದು ದಿನಾ ಕೂರುವ ಹಾಗೆ ಕೂತುಕೊಳ್ಳಿ. ಇನ್ನೊಬ್ಬರಿಗೆ ಅದೇ ಜಾಗ ಅಳೆಯಲು ಹೇಳಿ. ಎರಡರ ವ್ಯತ್ಯಾಸವೇ ಗಾಡಿ ಕುಗ್ಗಿದ ಲೆಕ್ಕ. ಹಿಂದಿನ ಚಕ್ರ ಒಟ್ಟು ಮೇಲೆ ಕೆಳಗೆ ಆಡುವ ದೂರದಲ್ಲಿ ಸುಮಾರು ಮೂರನೇ ಒಂದು ಭಾಗ ಕುಗ್ಗಿದರೆ ಸರಿ. ನನ್ನ ಗಾಡಿಯಲ್ಲಿ ಆ ದೂರ 90 ಮಿಲಿಮೀಟರ್. ನಾವಿಬ್ಬರು ಕೂತರೆ 50ಕ್ಕೂ ಜಾಸ್ತಿ ಇಳಿಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ನಿಂತಲ್ಲೇ ಹೋಗಿತ್ತು, ಅಲ್ವಾ?

ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಬಳೆ ಇರುತ್ತದೆ. ಕೊಕ್ಕೆಯಂಥ ಪಾನಾ ಹಾಕಿ ಅದನ್ನು ತಿರುಗಿಸಬಹುದು. ಅದನ್ನು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಾಮಾನ್ಯ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಮೊದಲೇ ಒಂದಿಷ್ಟು ಒತ್ತಿಕೊಂಡಿರುವುದರಿಂದ ನಮ್ಮ ಭಾರಕ್ಕೆ ಕಡಿಮೆ ಇಳಿಯುತ್ತದೆ, ಗಾಡಿ ಎತ್ತರದಲ್ಲಿ ನಿಲ್ಲುತ್ತದೆ. ನನಗೆ ಎರಡು ಮೆಟ್ಟಿಲಿಗೆ ಸುಮಾರು 10 ಮಿಲಿಮೀಟರ್ ಸಿಕ್ಕಿತು. ಎಡದ ಶಾಕಿಗೂ ಬಲದ ಶಾಕಿಗೂ ಸಮನಾದ ಮೆಟ್ಟಿಲು ಇರಬೇಕು, ಇದನ್ನು ಮರೆಯಬೇಡಿ. ಆಮೇಲೂ ಸಾಲದೆ, ದಣಿದಿದ್ದ ಶಾಕ್ ಜೋಡಿಯನ್ನು ತೆಗೆದು ಅದೇ ಉದ್ದದ ಹೊಸದನ್ನು ಹಾಕಿಸಿದೆ.

ಅದೇ ಉದ್ದದ್ದು ಯಾಕೆ ಅಂತ ಹೇಳಬೇಕು. ನನ್ನ ಅಕ್ಕನ ಮಗ ತನ್ನ ಗಾಡಿಗೆ ಇನ್ನೂ ಉದ್ದದ್ದು ಹಾಕಿಸಿದ. ಹಿಂಭಾಗ 20 ಮಿಲಿಮೀಟರ್ ಏರಿತು. ವಾರ ಕಳೆದ ಮೇಲೆ ಬಂದ. "ಮಾಮಾ, ತಿರುವಿನ್ಯಾಗ ಗಾಡಿ ಮಸ್ತ್ ಹೊರಳ್ತದ. ಆದ್ರ ಸೀದಾ ರೋಡಿನ್ಯಾಗ ಜೋರ್ ಹೋದ್ರ ಹ್ಯಾಂಡಲ್ ನಡುಗ್ತದ" ಅಂದ. ನಡುಗದೆ ಏನು ಮಾಡೀತು? ಎರಡು ಚಕ್ರಗಳ ನಡುವಿನ ದೂರ 1300 ಮಿಲಿಮೀಟರ್ ಇದ್ದರೆ, ಹಿಂದೆ 20 ಏರಿಸಿದಾಗ ಇಡೀ ಗಾಡಿ ಸುಮಾರು ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಅಷ್ಟೇ ನೆಟ್ಟಗಾಗುತ್ತದೆ. ಹ್ಯಾಂಡಲ್ ಬೇಗ ತಿರುಗುತ್ತದೆ, ಸೀದಾ ಓಟದ ಸ್ಥಿರತೆ ಕಡಿಮೆಯಾಗುತ್ತದೆ.

ಇಷ್ಟು ಕೊಟ್ಟು ಅವನು ಪಡೆದದ್ದೆಷ್ಟು? ಫುಟ್‌ರೆಸ್ಟ್ ಇರುವುದು ಎರಡು ಚಕ್ರಗಳ ನಡುವೆ. ಹಿಂದೆ 20 ಏರಿದರೆ ಅಲ್ಲಿ ಏರುವುದು ಹತ್ತರ ಸುತ್ತಮುತ್ತ. ನೆಲ ತಾಗುವ ಮೊದಲು ಅದರಿಂದ ಇನ್ನೊಂದು ಡಿಗ್ರಿ ವಾಲಲು ಸಿಕ್ಕರೆ ಹೆಚ್ಚು. ಹಿಂದಕ್ಕಿರುವ ಸೈಲೆನ್ಸರಿಗೆ ಲಾಭ ಇನ್ನೊಂದಿಷ್ಟು ಜಾಸ್ತಿ, ಅಷ್ಟೇ.

ಚೈನಿನ ಸಡಿಲವೂ ಬದಲಾಗಿತ್ತು, ಮತ್ತೆ ಹೊಂದಿಸಬೇಕಾಯಿತು. ಹೆಡ್‌ಲೈಟ್ ಬೆಳಕು ದೂರ ಬಿಟ್ಟು ಚಕ್ರದ ಮುಂದೆಯೇ ಬೀಳುತ್ತಿತ್ತು. ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುತ್ತಿರಲಿಲ್ಲ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಗಾಡಿ ಬೀಳುವ ಹಾಗೆ ವಾಲುತ್ತಿತ್ತು. ಇನ್ನು ಶಾಕ್ ಅಬ್ಸಾರ್ಬರ್ ಒಂದೇ ಇರುವ ಗಾಡಿಯಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಲಿ ಶಾಕ್ 10 ಮಿಲಿಮೀಟರ್ ಉದ್ದವಾದರೆ ಚಕ್ರದ ಹತ್ತಿರ ಅದು 20, ಕೆಲವು ಗಾಡಿಯಲ್ಲಿ 30 ಆಗುತ್ತದೆ. ಶಾಕಿನ ತುದಿಗೆ ಕಬ್ಬಿಣದ ತುಂಡು ಸೇರಿಸಿ ಉದ್ದ ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ. ಗಾಡಿಯ ಹಿಂಭಾಗದ ಭಾರವೆಲ್ಲ ಆ ಒಂದು ಬೋಲ್ಟಿನ ಮೇಲೆ ನಿಲ್ಲುತ್ತದೆ.

ಓಡಿಸುವ ರೀತಿಯಲ್ಲೂ ಜಾಗ ಉಳಿಸಬಹುದು. ತಿರುವಿಗೆ ಮೊದಲೇ ವೇಗ ಇಳಿಸಿ. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ತಟ್ಟನೆ ಬಿಡಬೇಡಿ, ಸಣ್ಣಗೆ ಎಳೆದುಕೊಂಡೇ ಹೋಗಿ. ಮೈಯನ್ನು ತಿರುವಿನ ಒಳಗಡೆಗೆ ಸ್ವಲ್ಪ ತನ್ನಿ. ಮೈ ಒಳಗೆ ಬಂದಷ್ಟೂ ಗಾಡಿ ಕಡಿಮೆ ವಾಲುತ್ತದೆ.

ಅಕ್ಕನ ಮಗ ಮತ್ತೆ ಹಳೆಯ ಉದ್ದಕ್ಕೇ ಬಂದ. ಒಬ್ಬನೇ ಹೋಗುವಾಗ ಎರಡನೇ ಮೆಟ್ಟಿಲು, ತಾಯಿಯನ್ನು ಕೂರಿಸಿಕೊಂಡಾಗ ನಾಲ್ಕನೆಯದು. ಪಾನಾ ಸೀಟಿನ ಕೆಳಗೇ ಇಟ್ಟುಕೊಂಡಿದ್ದಾನೆ. ಹೋದ ತಿಂಗಳು ನಾನೂ ಹೆಂಡತಿಯೂ ಮತ್ತೆ ಕುಂಚಾವರಂ ಕಡೆ ಹೋಗಿದ್ದೆವು. ಅದೇ ತಿರುವು ಬಂದಾಗ ಆಕೆ ನನ್ನ ಭುಜ ಗಟ್ಟಿಯಾಗಿ ಹಿಡಿದಳು. ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ.

ನಮಸ್ಕಾರ.